ಹೊಸ 360 ಎಂಎಂ ಲಿಕ್ವಿಡ್ ಕೂಲರ್ ಹಾಕಿದ ಮೇಲೆ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿದೆ, ಹಳೆಯ 240ರಲ್ಲಿ ಹೀಗಿರಲಿಲ್ಲ

ತೋರಣಗಲ್ಲು_ಪಿಸಿ

ಎಲ್ಲರಿಗೂ ನಮಸ್ಕಾರ. ಹಳೆಯ 240 ಎಂಎಂ ಎಐಒ (ಪಂಪ್, ಪೈಪ್, ರೇಡಿಯೇಟರ್ ಒಟ್ಟಿಗೇ ಬರೋ ಲಿಕ್ವಿಡ್ ಕೂಲರ್) ತೆಗೆದು ಹೊಸ 360 ಹಾಕಿದ್ದೀನಿ. ಕಮ್ಮಿ ಆಗಬೇಕಿದ್ದ ಬಿಸಿ ಜಾಸ್ತಿ ಆಗಿದೆ. ಬೇಕಾಗಬಹುದಾದ ವಿವರ ಎಲ್ಲ ಇಲ್ಲಿದೆ.

ಪ್ರೊಸೆಸರ್ ಇಂಟೆಲ್ ಕೋರ್ ಐ7-13700ಕೆ, ಓವರ್‌ಕ್ಲಾಕ್ ಮಾಡಿಲ್ಲ. ಮದರ್‌ಬೋರ್ಡ್ ಝಡ್790. ಕ್ಯಾಬಿನೆಟ್ಟಿನ ಮುಂದೆ 3 ಫ್ಯಾನ್ ಗಾಳಿ ಒಳಗೆ ಎಳೀತವೆ, ಹಿಂದೆ 1 ಹೊರಗೆ ಬಿಡುತ್ತೆ. ರೇಡಿಯೇಟರ್ ಮೇಲ್ಗಡೆ ಇದೆ, ಅದರ 3 ಫ್ಯಾನ್ ಕೂಡ ಗಾಳಿ ಹೊರಕ್ಕೆ ಬಿಡುವ ಹಾಗೆ ಕೂರಿಸಿದ್ದೀನಿ. ಶಾಖ ಸಾಗಿಸೋ ಪೇಸ್ಟ್ ಕೋಲ್ಡ್ ಪ್ಲೇಟಿಗೆ (ಪ್ರೊಸೆಸರ್ ಮೇಲೆ ಕೂರೋ ತಾಮ್ರದ ತಳ) ಕಂಪನಿಯಲ್ಲೇ ಹಚ್ಚಿ ಬಂದದ್ದು. ಪ್ಲಾಸ್ಟಿಕ್ ಮುಚ್ಚಳ ತೆಗೆದೇ ಕೂರಿಸಿದ್ದು. ರೂಮಿನಲ್ಲಿ 34 ಡಿಗ್ರಿ, ಎಸಿ ಇಲ್ಲ.

ಸುಮ್ನೆ ಡೆಸ್ಕ್‌ಟಾಪ್‌ನಲ್ಲಿದ್ದಾಗ 52ರಿಂದ 58 ತೋರಿಸುತ್ತೆ, ಮೊದಲು 42–45 ಇರ್ತಿತ್ತು. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಅಳೆಯೋ ಸಿನೆಬೆಂಚ್ ಆರ್23 ಶುರು ಮಾಡಿದ 2–3 ಸೆಕೆಂಡಿಗೇ 100. ಪ್ಯಾಕೇಜ್ ಪವರ್ ಒಂದು ಕ್ಷಣ 230 ವ್ಯಾಟ್‌ಗೆ ಹೋಗಿ 165ಕ್ಕೆ ಇಳಿದು ಅಲ್ಲೇ ನಿಲ್ಲುತ್ತೆ. ಸ್ಕೋರ್ 26 ಸಾವಿರದ ಆಸುಪಾಸು, ಮೊದಲು 29 ಸಾವಿರ ದಾಟ್ತಿತ್ತು. ಪಂಪ್ 2750 ಆರ್‌ಪಿಎಂ ಅಂತ ತೋರಿಸುತ್ತೆ. ಕೂಲರಿನ ಸಾಫ್ಟ್‌ವೇರ್‌ನಲ್ಲಿ ದ್ರವದ ತಾಪಮಾನ 10 ನಿಮಿಷ ಆದ ಮೇಲೂ 41 ಅಷ್ಟೇ.

ಪಂಪ್ ಹೋಗಿದೆಯಾ? ಅಂಗಡಿಯವರು 7 ದಿನದ ಒಳಗೆ ಆದ್ರೆ ಬದಲಿಸಿ ಕೊಡ್ತೀವಿ ಅಂದಿದ್ದಾರೆ. ವಾಪಸ್ ಕೊಟ್ಟುಬಿಡೋದು ಒಳ್ಳೇದಾ?

---

ಕಪ್ಪತಗುಡ್ಡ

ಸದ್ಯಕ್ಕೆ ವಾಪಸ್ ಕೊಡಬೇಡಿ. ನೀವು ಬರೆದಿರುವ ಅಂಕಿಗಳಲ್ಲೇ ಉತ್ತರ ಇದೆ. ಪಂಪ್ ಓಡುತ್ತಿದೆ, ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ. ತೊಂದರೆ ಇರುವುದು ಪ್ರೊಸೆಸರಿನ ಲೋಹದ ಮುಚ್ಚಳ ಮತ್ತು ಕೋಲ್ಡ್ ಪ್ಲೇಟಿನ ನಡುವೆ. ಬದಲಿ ಕೂಲರ್ ತಂದು ಇದೇ ರೀತಿ ಕೂರಿಸಿದರೆ ಅದೂ ಹೀಗೇ ಕಾಯುತ್ತದೆ.

ಹೇಗೆ ಗೊತ್ತಾಯಿತು ಅಂದರೆ, ಪ್ರೊಸೆಸರಿನ ತಾಪಮಾನ ಒಂದನ್ನೇ ನೋಡಬಾರದು. ಶಾಖ ಎರಡು ಹಂತ ದಾಟುತ್ತದೆ. ಚಿಪ್‌ನಿಂದ ದ್ರವಕ್ಕೆ ಹೋಗುವುದು ಒಂದು, ದ್ರವದಿಂದ ರೂಮಿನ ಗಾಳಿಗೆ ಹೋಗುವುದು ಇನ್ನೊಂದು. ಎರಡೂ ಹಂತದ ತಾಪಮಾನದ ವ್ಯತ್ಯಾಸವನ್ನು ವ್ಯಾಟ್‌ನಿಂದ ಭಾಗಿಸಿ ನೋಡಿದರೆ ಯಾವ ಹಂತ ಕೈಕೊಟ್ಟಿದೆ ಎಂದು ಕಾಣುತ್ತದೆ.

ನಿಮ್ಮ ದ್ರವ 41, ರೂಮು 34. ವ್ಯತ್ಯಾಸ 7 ಡಿಗ್ರಿ, 165 ವ್ಯಾಟ್‌ಗೆ. ಅಂದರೆ ವ್ಯಾಟಿಗೆ 0.04 ಡಿಗ್ರಿ. 360 ರೇಡಿಯೇಟರಿಗೆ ಇದು ಚೆನ್ನಾಗಿಯೇ ಇದೆ. ಫ್ಯಾನ್ ಉಲ್ಟಾ ಇದ್ದಿದ್ದರೆ, ಫಿನ್‌ಗಳಲ್ಲಿ ದೂಳು ಕಟ್ಟಿದ್ದರೆ, ಗಾಳಿ ಹೋಗಲು ಜಾಗ ಇಲ್ಲದಿದ್ದರೆ ಈ ಅಂಕಿ ಕೆಡುತ್ತಿತ್ತು, ದ್ರವ 50 ದಾಟುತ್ತಿತ್ತು.

ಈಗ ಮೊದಲ ಹಂತ. ಕೋರ್ 100, ದ್ರವ 41. ವ್ಯತ್ಯಾಸ 59, ಅದೇ 165 ವ್ಯಾಟ್‌ಗೆ. ವ್ಯಾಟಿಗೆ 0.36 ಬಂತು. ಈ ಪೀಳಿಗೆಯ ಐ7ರಲ್ಲಿ ಕೂಲರ್ ಸರಿಯಾಗಿ ಕೂತಿದ್ದರೆ 0.2ರಿಂದ 0.25 ಇರಬೇಕು. ಇಲ್ಲೇ ಇದೆ ಕಳ್ಳ.

ಎರಡನೇ ಸುಳಿವು, ಬಿಸಿ ಏರುವ ವೇಗ. ರೇಡಿಯೇಟರ್ ಸಾಲದೆ ಬಂದ ಬಿಸಿ ನಿಧಾನಕ್ಕೆ ಏರುತ್ತದೆ, ಯಾಕೆಂದರೆ ಒಳಗಿನ ದ್ರವವೆಲ್ಲ ಮೊದಲು ಕಾಯಬೇಕು. ಮೊದಲ ನಿಮಿಷ 75, ಐದನೇ ನಿಮಿಷ 85, ಹತ್ತನೇ ನಿಮಿಷ 95, ಹೀಗೆ. ಒಂದೆರಡು ಸೆಕೆಂಡಿನಲ್ಲಿ 100 ಮುಟ್ಟಿತು ಅಂದರೆ ಶಾಖ ದ್ರವದ ತನಕ ಹೋಗುತ್ತಲೇ ಇಲ್ಲ. 100 ಈ ಚಿಪ್ಪಿನ ಗರಿಷ್ಠ ಮಿತಿ, ಅಲ್ಲಿ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮ್ಮ 230 ವ್ಯಾಟ್ 165ಕ್ಕೆ ಇಳಿದದ್ದು ಅದಕ್ಕೇ. ಸೆನ್ಸರ್ ಅಂಕಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್‌ನಲ್ಲಿ ಕೋರ್ ಥರ್ಮಲ್ ಥ್ರಾಟ್ಲಿಂಗ್ ಸಾಲು ನೋಡಿ, ಅಲ್ಲಿ 'ಯೆಸ್' ಅಂತ ಕೆಂಪಗೆ ಬಂದಿರುತ್ತದೆ.

ಇಷ್ಟಕ್ಕೆ ಉತ್ತರ ಕೊಡಿ:

ಬೋರ್ಡಿನ ಹಿಂದೆ ಕೂಲರನ್ನು ಹಿಡಿದಿಡುವ ಬ್ಯಾಕ್‌ಪ್ಲೇಟ್ ಹೊಸ ಪೆಟ್ಟಿಗೆಯಲ್ಲಿ ಬಂದದ್ದೋ, ಹಳೆಯ ಕೂಲರಿನದ್ದೋ?

ಸ್ಟ್ಯಾಂಡ್‌ಆಫ್ (ಬೋರ್ಡಿನ ಮೇಲೆ ನಿಂತು ಕೂಲರಿನ ನಟ್ ಹಿಡಿಯುವ ಸ್ಕ್ರೂ) ಯಾವುದು ಹಾಕಿದಿರಿ? ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ಬಗೆಯವು ಬೇರೆ ಬೇರೆ ಚಿಕ್ಕ ಚೀಲಗಳಲ್ಲಿರುತ್ತವೆ. ನಿಮ್ಮ ಪ್ರೊಸೆಸರ್ ಕೂರುವ 1700 ಸಾಕೆಟ್ಟಿನದ್ದೇ ಆಗಬೇಕು. ಹಳೆಯ 1200 ಮತ್ತು 115ಎಕ್ಸ್ ಸಾಕೆಟ್‌ಗಳಲ್ಲಿ ತೂತುಗಳ ಅಂತರ 75 ಎಂಎಂ, 1700ರಲ್ಲಿ 78. ಅಂತರ ತಪ್ಪಿದರೆ ಕೂಲರ್ ಕೂರುವುದೇ ಇಲ್ಲ, ಹಾಗಾಗಿ ಅದು ಯಾರಿಗಾದರೂ ತಿಳಿಯುತ್ತದೆ. ತಿಳಿಯದೆ ಹೋಗುವುದು ಎತ್ತರ. 1700ರಲ್ಲಿ ಪ್ರೊಸೆಸರಿನ ಮೇಲ್ಮೈ ಬೋರ್ಡಿನಿಂದ ಹಳೆಯವಕ್ಕಿಂತ ಸುಮಾರು ಮುಕ್ಕಾಲು ಎಂಎಂ ತಗ್ಗಿನಲ್ಲಿದೆ. ಹಳೆಯ ಸಾಕೆಟ್ಟಿನ ಉದ್ದ ಸ್ಟ್ಯಾಂಡ್‌ಆಫ್ ಹಾಕಿದರೆ ನಟ್ ತುದಿಗೆ ಹೋಗಿ ನಿಲ್ಲುತ್ತದೆ, ಕೈಗೆ ಬಿಗಿಯಾದಂತೆಯೇ ಅನ್ನಿಸುತ್ತದೆ. ಆದರೆ ಪ್ಲೇಟ್ ಪೇಸ್ಟಿನ ಮೇಲೆ ಸುಮ್ಮನೆ ಕೂತಿರುತ್ತದೆ, ಒತ್ತಿರುವುದಿಲ್ಲ.

ಕೊನೆಗೆ ಒಂದು ಪರೀಕ್ಷೆ. ಕಂಪ್ಯೂಟರ್ ಆಫ್ ಮಾಡಿ ಪಂಪ್ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಕ್ಕಪಕ್ಕ ತಿರುಗಿಸಿ ನೋಡಿ. ಸರಿಯಾಗಿ ಕೂತ ಕೂಲರ್ ಅಲುಗುವುದಿಲ್ಲ. ಜಾರಿದಂತೆ ಆಡಿದರೆ ಒತ್ತಡ ಇಲ್ಲ ಎಂದೇ ಅರ್ಥ.

---

ಮೈಸೂರ್‌ಪಾಕ್95

ಬಿಚ್ಚೋ ಮೊದಲು ಪೈಪ್ ಮುಟ್ಟಿ ನೋಡಿ ಸರ್. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ರೆ ಪಂಪ್ ಚೆನ್ನಾಗಿದೆ ಅಂತ. ಎರಡೂ ಒಂದೇ ಥರ ಇದ್ರೆ ನೀರು ಓಡ್ತಿಲ್ಲ ಅಂತ ಅಲ್ವಾ?

---

ಶರಾವತಿ_ತೀರ

ಅದು ತಲೆಕೆಳಗಾಗಿದೆ. ಯೂಟ್ಯೂಬಿನಲ್ಲೂ ಹಲವರು ಹೀಗೇ ಹೇಳುತ್ತಾರೆ, ಅದನ್ನು ನಂಬಿ ಒಳ್ಳೆಯ ಕೂಲರನ್ನು ವಾಪಸ್ ಕೊಟ್ಟವರೂ ಇದ್ದಾರೆ. ಹಾಗಾಗಿ ಲೆಕ್ಕ ಇಲ್ಲೇ ಬರೆಯುತ್ತೇನೆ.

ಒಂದು ಲೀಟರ್ ನೀರನ್ನು 1 ಡಿಗ್ರಿ ಕಾಯಿಸಲು ಸುಮಾರು 4,186 ಜೂಲ್ ಬೇಕು. ಪಂಪ್ ನಿಮಿಷಕ್ಕೆ 1 ಲೀಟರ್ ಓಡಿಸುತ್ತದೆ ಎಂದಿಟ್ಟುಕೊಳ್ಳಿ. ಆಗ 200 ವ್ಯಾಟ್ ಶಾಖ ತೆಗೆದುಕೊಂಡ ನೀರು ಏರುವುದು 2.9 ಡಿಗ್ರಿ ಮಾತ್ರ. ಅಷ್ಟು ವ್ಯತ್ಯಾಸ ಕೈಗೆ ಸರಿಯಾಗಿ ತಿಳಿಯುವುದೂ ಇಲ್ಲ. ನೀರು ಚೆನ್ನಾಗಿ ಓಡುತ್ತಿದ್ದರೆ ಎರಡೂ ಪೈಪ್ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಅದೇ ಹರಿವು ಹತ್ತರಲ್ಲಿ ಒಂದು ಪಾಲಿಗೆ ಬಿದ್ದರೆ ವ್ಯತ್ಯಾಸ 29 ಡಿಗ್ರಿ ಆಗುತ್ತದೆ. ಆಗ ಒಂದು ಪೈಪ್ ಮುಟ್ಟಲಾಗದಷ್ಟು ಬಿಸಿ, ಇನ್ನೊಂದು ರೂಮಿನಷ್ಟೇ ತಣ್ಣಗೆ. ನಿಜಕ್ಕೂ ಚಿಂತೆ ಮಾಡಬೇಕಾದದ್ದು ಅದನ್ನು ಕಂಡಾಗ.

ಎರಡೂ ಪೈಪ್ ತಣ್ಣಗಿದ್ದು ಪ್ರೊಸೆಸರ್ ಮಾತ್ರ 100 ಇದ್ದರೆ ಎರಡು ಸಾಧ್ಯತೆ. ಒಂದು, ಪಂಪ್ ಪೂರ್ತಿ ನಿಂತಿದೆ. ಎರಡು, ಕಪ್ಪತಗುಡ್ಡ ಹೇಳಿದ ಹಾಗೆ ಶಾಖ ಪ್ಲೇಟಿಗೇ ಬರುತ್ತಿಲ್ಲ. ಆರ್‌ಪಿಎಂ ತೋರಿಸಿತು ಅಂತ ನೀರು ಓಡುತ್ತಿದೆ ಎಂದು ಕಣ್ಣು ಮುಚ್ಚಿ ಒಪ್ಪಬೇಡಿ. ಪಂಪಿನೊಳಗೆ ಗಾಳಿ ಸೇರಿದ್ದರೆ ಚಕ್ರ ಖಾಲಿ ತಿರುಗಿಯೂ 2700 ತೋರಿಸಬಹುದು. ಪೈಪ್ ಎಲ್ಲೋ ಮಡಚಿಕೊಂಡಿದ್ದರೂ ಹಾಗೇ.

ನಿಮ್ಮ ವಿಷಯದಲ್ಲಿ ದ್ರವ 10 ನಿಮಿಷದಲ್ಲಿ ಮೆಲ್ಲಗೆ 41ಕ್ಕೆ ಬಂದಿದೆ. ಎಐಒಗಳಲ್ಲಿ ದ್ರವದ ಸೆನ್ಸರ್ ಹೆಚ್ಚಾಗಿ ಪಂಪ್ ತಲೆಯಲ್ಲೇ ಇರುತ್ತದೆ. ಹರಿವು ನಿಂತಿದ್ದರೆ ಅಲ್ಲಿಯ ಒಂದಿಷ್ಟು ನೀರು ಒಂದೆರಡು ನಿಮಿಷಕ್ಕೇ ಕಾದು ಸೆನ್ಸರ್ 60 ದಾಟಿ ಎಚ್ಚರಿಕೆ ಕೊಡುತ್ತಿತ್ತು. ಆದ್ದರಿಂದ ಪಂಪ್ ಸರಿ ಇದೆ ಎಂಬುದಕ್ಕೆ ನನ್ನದೂ ಒಪ್ಪಿಗೆ. ಆದರೂ ಕ್ಯಾಬಿನೆಟ್ ಹೇಗೂ ಬಿಚ್ಚುತ್ತೀರಿ, ಈ ಕೆಲವನ್ನು ನೋಡಿಬಿಡಿ.

ಪಂಪಿನ ಕೇಬಲ್ ಎಲ್ಲಿ ಚುಚ್ಚಿದೆ? ಬೋರ್ಡಿನ ಎಐಒ ಪಂಪ್ ಹೆಡರಿನಲ್ಲಿದ್ದರೆ (ಕೇಬಲ್ ಚುಚ್ಚುವ ಪಿನ್‌ಗಳು) ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಪರದೆ) ಆ ಹೆಡರನ್ನು ಯಾವಾಗಲೂ 100 ಪ್ರತಿಶತ ಇಡಿ. ಸಿಪಿಯು ಫ್ಯಾನ್ ಹೆಡರಿನಲ್ಲಿದ್ದರೆ ಅದು ಫ್ಯಾನಿನ ಕರ್ವ್ (ಯಾವ ಬಿಸಿಗೆ ಎಷ್ಟು ವೇಗ ಎಂಬ ಪಟ್ಟಿ) ಹಿಡಿದು ಪಂಪನ್ನೂ 40–50 ಪ್ರತಿಶತಕ್ಕೆ ಇಳಿಸುತ್ತದೆ. ಪಂಪ್ ಸಾಟಾ ಕೇಬಲಿನಿಂದ ಕರೆಂಟ್ ತೆಗೆದುಕೊಳ್ಳುವ ಮಾದರಿಯಾದರೆ ಬೋರ್ಡಿಗೆ ಹೋಗುವ ತಂತಿ ವೇಗ ತೋರಿಸಲು ಮಾತ್ರ. ಆಗ ಸಾಟಾ ತುದಿ ಎಸ್‌ಎಂಪಿಎಸ್‌ನಿಂದ (ಪವರ್ ಸಪ್ಲೈ) ನೇರ ಬಂದಿದೆಯೇ ನೋಡಿ, ಸಡಿಲವಾದ ಅಡಾಪ್ಟರಿನಿಂದ ಬೇಡ. ಸಿಪಿಯು ಫ್ಯಾನ್ ಹೆಡರ್ ಖಾಲಿ ಬಿಟ್ಟರೆ ಹಲವು ಬೋರ್ಡ್ ಸ್ಟಾರ್ಟ್ ಆಗುವಾಗ ಫ್ಯಾನ್ ಎರರ್ ಕೊಟ್ಟು ನಿಲ್ಲುತ್ತವೆ, ರೇಡಿಯೇಟರ್ ಫ್ಯಾನನ್ನು ಅಲ್ಲಿಗೆ ಕೊಡಿ. ಮೂರು ಫ್ಯಾನನ್ನು ಒಂದೇ ಹೆಡರಿಗೆ ಸ್ಪ್ಲಿಟರ್ ಹಾಕಿ ಕೊಡುವುದಾದರೆ ಒಟ್ಟು ಆಂಪಿಯರ್ ಕೂಡಿಸಿ ನೋಡಿ. ಫ್ಯಾನಿನ ಹಿಂದಿನ ಸ್ಟಿಕ್ಕರಿನ ಮೇಲೆ ಬರೆದಿರುತ್ತದೆ. ಸಾಮಾನ್ಯ ಹೆಡರ್ ತಡೆಯುವುದು 1 ಆಂಪಿಯರ್.

ಗಾಳಿಯ ವಿಚಾರಕ್ಕೆ ಬಂದರೆ, ಎಲ್ಲ ಎಐಒಗಳಲ್ಲೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಅತಿ ಎತ್ತರದ ಜಾಗಕ್ಕೆ ಹೋಗಿ ಸೇರುತ್ತದೆ. ಆ ಎತ್ತರದ ಜಾಗ ರೇಡಿಯೇಟರ್ ಆಗಿರಬೇಕು, ಪಂಪ್ ಆಗಬಾರದು. ನೀವು ಮೇಲ್ಗಡೆ ಹಾಕಿದ್ದೀರಿ, ಸರಿಯಾಗಿದೆ. ಮುಂದೆ ಹಾಕುವವರು ಪೈಪ್ ಕೆಳಗೆ ಬರುವ ಹಾಗೆ, ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರ ಇರುವ ಹಾಗೆ ನೋಡಿಕೊಳ್ಳಿ. ಕೆಳಗೆ ನೆಲದ ಬದಿಗೆ ಹಾಕುವುದು ಬೇಡವೇ ಬೇಡ. ಹೊಸದರಲ್ಲಿ ಗುಳುಗುಳು ಸದ್ದು ಬಂದರೆ ಕಂಪ್ಯೂಟರ್ ಆನ್ ಇರುವಾಗಲೇ ಕ್ಯಾಬಿನೆಟ್ಟನ್ನು ನಿಧಾನವಾಗಿ ಎರಡೂ ಬದಿಗೆ ವಾಲಿಸಿ ಒಂದೊಂದು ನಿಮಿಷ ಹಿಡಿದರೆ ಗಾಳಿ ರೇಡಿಯೇಟರ್ ಸೇರಿ ಸದ್ದು ನಿಲ್ಲುತ್ತದೆ. ಹಾರ್ಡ್ ಡಿಸ್ಕ್ ಇದ್ದರೆ ಅದರ ಕೇಬಲ್ ಮೊದಲೇ ತೆಗೆದಿಡಿ.

ಫ್ಯಾನಿನ ದಿಕ್ಕು ಗೊತ್ತಾಗದವರಿಗೆ: ಅಡ್ಡಪಟ್ಟಿ ಮತ್ತು ಸ್ಟಿಕ್ಕರ್ ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ.

---

ತೋರಣಗಲ್ಲು_ಪಿಸಿ

ಇಬ್ಬರಿಗೂ ಥ್ಯಾಂಕ್ಸ್. ಪಂಪ್ ಎಐಒ ಹೆಡರಿನಲ್ಲಿದೆ, 100 ಪ್ರತಿಶತ ಇಟ್ಟಿದ್ದೀನಿ. ಪೈಪ್ ಎರಡೂ ಒಂದೇ ಥರ ಬೆಚ್ಚಗಿವೆ. ಸ್ಟ್ಯಾಂಡ್‌ಆಫ್ 1700 ಅಂತ ಬರೆದಿರೋ ಚೀಲದ್ದೇ.

ಬ್ಯಾಕ್‌ಪ್ಲೇಟ್ ಮಾತ್ರ ಹಳೆಯ ಕೂಲರಿನದ್ದು. ಅದೂ 1700ಕ್ಕೇ ಬಂದದ್ದು, ಹೊಸ ಸ್ಟ್ಯಾಂಡ್‌ಆಫ್ ಅದಕ್ಕೆ ಸಲೀಸಾಗಿ ಹಿಡೀತು, ಥ್ರೆಡ್ ಒಂದೇ. ಪಂಪ್ ತಲೆ ತಿರುಗಿಸಿ ನೋಡಿದೆ, ನಟ್ ಪೂರ್ತಿ ಬಿಗಿ ಇದ್ರೂ ತುಸು ಆಡ್ತಿದೆ. ಬ್ಯಾಕ್‌ಪ್ಲೇಟ್ ಬದಲಾದ್ರೆ ಅಷ್ಟು ವ್ಯತ್ಯಾಸ ಆಗುತ್ತಾ?

---

ಕಪ್ಪತಗುಡ್ಡ

ಆಗುತ್ತದೆ. ತಲೆ ಆಡುತ್ತಿದೆ ಎಂದಮೇಲೆ ಇನ್ನು ಅನುಮಾನ ಬೇಡ.

ಬ್ಯಾಕ್‌ಪ್ಲೇಟಿನ ನಾಲ್ಕು ಮೂಲೆಯಲ್ಲಿ ಥ್ರೆಡ್ ಇರುವ ಚಿಕ್ಕ ಕಂಬಗಳು ಬೋರ್ಡಿನ ತೂತಿನ ಮೂಲಕ ಮೇಲೆ ಬರುತ್ತವೆ. ಆ ಕಂಬ ಎಷ್ಟು ಎತ್ತರ, ಪ್ಲೇಟಿನ ಹಿಂಬದಿಯ ಪ್ಯಾಡ್ ಎಷ್ಟು ದಪ್ಪ ಎಂಬುದನ್ನು ಪ್ರತಿ ತಯಾರಕರೂ ತಮ್ಮ ಸ್ಟ್ಯಾಂಡ್‌ಆಫ್‌ಗೆ ಹೊಂದಿಸಿ ಮಾಡಿರುತ್ತಾರೆ. ಥ್ರೆಡ್ ಒಂದೇ ಇದ್ದರೂ ಎತ್ತರ ಒಂದೇ ಇರಬೇಕೆಂದಿಲ್ಲ. ಹಳೆಯ ಪ್ಲೇಟಿನ ಕಂಬ ಅರ್ಧ ಎಂಎಂ ಹೆಚ್ಚಿದ್ದರೂ ಹೊಸ ಸ್ಟ್ಯಾಂಡ್‌ಆಫ್ ಬೋರ್ಡಿಗೆ ಕೂರದೆ ಆ ಕಂಬದ ಮೇಲೆ ನಿಲ್ಲುತ್ತದೆ. ನಟ್ ತಿರುಗುವುದು ಸ್ಟ್ಯಾಂಡ್‌ಆಫ್ ತುದಿಯ ತನಕ ಮಾತ್ರ, ಅಲ್ಲಿಗೆ ಅದರ ಸ್ಪ್ರಿಂಗ್ ಕುಗ್ಗುವುದೂ ನಿಂತಿತು. ಆಮೇಲೆ ಎಷ್ಟು ಬಲ ಹಾಕಿದರೂ ಪ್ಲೇಟಿಗೆ ಒತ್ತಡ ಹೋಗುವುದಿಲ್ಲ, ಥ್ರೆಡ್ ಹಾಳಾಗುತ್ತದೆ ಅಷ್ಟೇ. ಒತ್ತಡ ಕಡಿಮೆಯಾದಷ್ಟೂ ಪೇಸ್ಟಿನ ಪದರ ದಪ್ಪ. ಪೇಸ್ಟ್ ತಾಮ್ರಕ್ಕಿಂತ ಹತ್ತಾರು ಪಟ್ಟು ಕೆಟ್ಟದಾಗಿ ಶಾಖ ಸಾಗಿಸುತ್ತದೆ, ಅದು ಇರಬೇಕಾದದ್ದು ಎರಡು ಲೋಹದ ನಡುವಿನ ಸಂದು ತುಂಬುವಷ್ಟು ಮಾತ್ರ.

ಹೊಸ ಪೆಟ್ಟಿಗೆಯ ಬ್ಯಾಕ್‌ಪ್ಲೇಟನ್ನೇ ಹಾಕಿ. ಅದರ ಮೂಲೆಯ ಕಂಬ ಸರಿಸುವಂಥದ್ದಾದರೆ ಎರಡು ಜಾಗ ಇರುತ್ತವೆ, ಹೊರಗಿನದ್ದು 1700ಕ್ಕೆ. ಒಂದು ಎಚ್ಚರಿಕೆ: ಕೂಲರ್ ಕೂರಿಸುವ ತನಕ ಹೊಸ ಬ್ಯಾಕ್‌ಪ್ಲೇಟ್ ಹಿಂದೆ ಮುಂದೆ ಆಡಬಹುದು. ಹಲವು ಕಿಟ್‌ಗಳಲ್ಲಿ ಅದು ಸಹಜ, ವಾಷರ್ ತುರುಕಬೇಡಿ. ನಟ್ ಬಿಗಿಯಾದ ಮೇಲೆ ಆಡಬಾರದು.

ತೆಗೆಯುವ ಕ್ರಮ ಹೇಳುತ್ತೇನೆ. ಮೊದಲು 5–10 ನಿಮಿಷ ಸಿನೆಬೆಂಚ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಫ್ ಮಾಡಿ ಎಸ್‌ಎಂಪಿಎಸ್ ಸ್ವಿಚ್ ಆರಿಸಿ ಕರೆಂಟ್ ತಂತಿ ಕೀಳಿ. ನಾಲ್ಕು ನಟ್ಟನ್ನು ಎದುರು ಬದುರು ಮೂಲೆಯ ಕ್ರಮದಲ್ಲಿ ಒಂದೊಂದು ಸುತ್ತು ಸಡಿಲಿಸುತ್ತ ಹೋಗಿ, ಒಂದೇ ಮೂಲೆ ಪೂರ್ತಿ ಬಿಚ್ಚಬೇಡಿ. ತಲೆಯನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ ಆಮೇಲೆ ಎತ್ತಿ. ನಿಮ್ಮ ಸಾಕೆಟ್ಟಿನಲ್ಲಿ ಪ್ರೊಸೆಸರಿಗೆ ಲೋಹದ ಬೀಗ ಇರುವುದರಿಂದ ಅದು ಕಿತ್ತು ಬರುವುದಿಲ್ಲ. ಎಎಂಡಿ ಎಎಂ4ನಲ್ಲಿ ಪ್ರೊಸೆಸರ್ ಪಿನ್ ಸಮೇತ ಕಿತ್ತು ಬರುವುದುಂಟು, ಓದುತ್ತಿರುವ ಬೇರೆಯವರು ಗಮನಿಸಿ.

ಎತ್ತಿದ ತಕ್ಷಣ ಒರೆಸಬೇಡಿ! ಎರಡೂ ಬದಿಯ ಪೇಸ್ಟಿನ ಗುರುತಿಗೆ ಫೋಟೋ ತೆಗೆಯಿರಿ. ಏನು ಕೆಟ್ಟಿದೆ ಎಂದು ತೋರಿಸುವುದು ಆ ಗುರುತೇ. ಎಲ್ಲ ಕಡೆ ತೆಳುವಾಗಿ, ಅಡಿಯ ಲೋಹ ಬೂದಿ ಬಣ್ಣದಲ್ಲಿ ಕಾಣುತ್ತಿದ್ದರೆ ಒತ್ತಡ ಚೆನ್ನಾಗಿತ್ತು. ಒಂದು ಬದಿ ತೆಳು, ಇನ್ನೊಂದು ಬದಿ ದಪ್ಪ ಇದ್ದರೆ ಓರೆಯಾಗಿ ಕೂತಿತ್ತು. ಎಲ್ಲ ಕಡೆಯೂ ದಪ್ಪ ಇದ್ದರೆ ಪ್ಲೇಟ್ ಕೆಳಗೆ ಬಂದೇ ಇರಲಿಲ್ಲ.

ಒರೆಸಲು 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ. ಹ್ಯಾಂಡ್ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಮೇಲೆ ಜಿಡ್ಡು ಉಳಿಯುತ್ತದೆ. ಕಂಪನಿ ಹಚ್ಚಿದ ಪೇಸ್ಟ್ ಒಂದೇ ಸಲಕ್ಕೆ, ಹೊಸ ಪೇಸ್ಟ್ ತರಲೇಬೇಕು. 1700ರ ಮುಚ್ಚಳ ಉದ್ದನೆಯ ಆಯತ. ಮೂಲೆಯಿಂದ ಮೂಲೆಗೆ 2 ಎಂಎಂ ದಪ್ಪದ ಎರಡು ಗೆರೆ ಅಡ್ಡಡ್ಡ ಎಳೆದರೆ ಸಾಕು, ಅಂಚಿನಿಂದ 4–5 ಎಂಎಂ ಬಿಡಿ. ಕೈಯಿಂದ ಸವರುವುದು ಬೇಡ, ಒತ್ತಡವೇ ಹರಡುತ್ತದೆ. ಪೇಸ್ಟ್ ಸ್ವಲ್ಪ ಹೆಚ್ಚಾದರೆ ಅಂಚಿನಿಂದ ಹೊರಗೆ ಬರುತ್ತದೆ, ತಾಪಮಾನ ಕೆಡುವುದಿಲ್ಲ. ಕಡಿಮೆಯಾದರೆ ಮೂಲೆ ಒಣಗಿ ಉಳಿಯುತ್ತದೆ.

ತಲೆಯನ್ನು ನೇರ ಕೆಳಗೆ ಇಳಿಸಿ, ಇಟ್ಟ ಮೇಲೆ ಎತ್ತಿ ನೋಡಬೇಡಿ, ಎತ್ತಿದರೆ ಗಾಳಿಗುಳ್ಳೆ ಸೇರುತ್ತದೆ. ನಾಲ್ಕೂ ನಟ್ ಎರಡೆರಡು ಎಳೆ ಹಿಡಿದ ಮೇಲೆ ಎದುರು ಬದುರಾಗಿ ಎರಡೆರಡು ಸುತ್ತು ಬಿಗಿಸುತ್ತ ಬನ್ನಿ, ತಾನಾಗಿ ನಿಂತಲ್ಲಿ ನಿಲ್ಲಿಸಿ. ಪೈಪ್ ಬಿಗಿಯಾಗಿ ಎಳೆದು ತಲೆಯನ್ನು ಒಂದು ಬದಿಗೆ ಎತ್ತುವ ಹಾಗಿರಬಾರದು.

---

ತೋರಣಗಲ್ಲು_ಪಿಸಿ

ಹೊಸ ಬ್ಯಾಕ್‌ಪ್ಲೇಟ್ ಹಾಕಿ ಕೂರಿಸಿದೆ.

ಮೊದಲು ಗುರುತಿನ ವಿಷಯ. ಕೋಲ್ಡ್ ಪ್ಲೇಟಿನ ಮೇಲೆ ಕಂಪನಿ ಪೇಸ್ಟನ್ನ ಚಿಕ್ಕ ಚಿಕ್ಕ ಚೌಕವಾಗಿ ಹಚ್ಚಿತ್ತು. ಎತ್ತಿ ನೋಡಿದ್ರೆ ಆ ಚೌಕಗಳು ಹಾಗೇ ಇದ್ವು. ನಡುವಿನ ಸಂದೂ ಮುಚ್ಚಿರಲಿಲ್ಲ, ತಾಮ್ರ ಗೆರೆಗೆರೆಯಾಗಿ ಕಾಣ್ತಿತ್ತು. ಪ್ರೊಸೆಸರ್ ಕಡೆ ಚೌಕದ ತುದಿ ಮಾತ್ರ ಅಂಟಿತ್ತು, ಇಂಟೆಲ್ ಅಕ್ಷರಗಳನ್ನ ಪೇಸ್ಟಿನ ನಡುವೆಯೇ ಓದಬಹುದಿತ್ತು. ಎರಡು ಬ್ಯಾಕ್‌ಪ್ಲೇಟ್ ಪಕ್ಕದಲ್ಲಿಟ್ಟು ನೋಡಿದ್ರೆ ಹಳೆಯದರ ಕಂಬ ಬರಿಗಣ್ಣಿಗೇ ಎತ್ತರ ಕಾಣುತ್ತೆ.

ಈಗ ರೂಮು ಅದೇ 34. ಡೆಸ್ಕ್‌ಟಾಪ್‌ನಲ್ಲಿ 39–42. ಸಿನೆಬೆಂಚ್ 10 ನಿಮಿಷ: ಪ್ಯಾಕೇಜ್ ಪವರ್ 235 ವ್ಯಾಟ್, ಕೋರ್ 92, ದ್ರವ 44. ಸ್ಕೋರ್ 30 ಸಾವಿರ ದಾಟಿತು. ತಲೆ ಅಲ್ಲಾಡ್ತಿಲ್ಲ.

92 ಇನ್ನೂ ಜಾಸ್ತಿ ಅಲ್ವಾ? ಪ್ರೊಸೆಸರಿನ ಬೀಗದ ಬದಲಿಗೆ ಕಾಂಟ್ಯಾಕ್ಟ್ ಫ್ರೇಮ್ ಹಾಕಿದ್ರೆ ಕಮ್ಮಿ ಆಗುತ್ತೆ ಅಂತಾರೆ. ನಮ್ಮ ಕಡೆ ಮೇ ತಿಂಗಳಲ್ಲಿ ರೂಮು 38–40 ಆಗುತ್ತೆ.

---

ಕಪ್ಪತಗುಡ್ಡ

ಕೋರ್ 92, ದ್ರವ 44. ವ್ಯತ್ಯಾಸ 48 ಡಿಗ್ರಿ, 235 ವ್ಯಾಟ್‌ಗೆ: ವ್ಯಾಟಿಗೆ 0.2. ಕೂಲರ್ ಕೂತಿದೆ, ಇನ್ನು ಅದನ್ನು ಮುಟ್ಟಬೇಡಿ.

ಫ್ರೇಮ್ ವಿಚಾರ: 1700ರ ಬೀಗ ಪ್ರೊಸೆಸರನ್ನು ನಡುವೆ ಮಾತ್ರ ಎರಡು ಬದಿಯಲ್ಲಿ ಒತ್ತುತ್ತದೆ, ಹಾಗಾಗಿ ಮುಚ್ಚಳ ಸ್ವಲ್ಪ ಬಾಗುತ್ತದೆ. ಫ್ರೇಮ್ ಸುತ್ತಲೂ ಒಂದೇ ಸಮ ಒತ್ತುವುದರಿಂದ ಕೆಲವು ಡಿಗ್ರಿ ಇಳಿಯುವುದು ನಿಜ. ಆದರೆ ಮೂಲ ಬೀಗ ಬದಲಿಸಿದರೆ ವಾರಂಟಿ ಹೋಗಬಹುದು ಎಂದು ಇಂಟೆಲ್ ಹೇಳಿದೆ. ಸ್ಕ್ರೂ ಹೆಚ್ಚು ಬಿಗಿಯಾದರೆ ಒಂದು ಬದಿಯ ರ‍್ಯಾಮ್ ಚಾನೆಲ್ ಕಾಣದೆ ಹೋಗುವ ತೊಂದರೆಯೂ ಬರುತ್ತದೆ. 0.2 ಬಂದವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

---

ಗೋಳಗುಮ್ಮಟ

92ಕ್ಕೆ ಕಾರಣ ಈಗ ಕೂಲರ್ ಅಲ್ಲ, ವ್ಯಾಟ್. ವಿಜಯಪುರದ ಬೇಸಿಗೆಯಲ್ಲೂ ಇದೇ ಲೆಕ್ಕ ನಡೆಯುತ್ತದೆ, ಬರೆಯುತ್ತೇನೆ ನೋಡಿ.

13700ಕೆಗೆ ಇಂಟೆಲ್ ಕೊಟ್ಟ ಮೂಲ ಪವರ್ 125 ವ್ಯಾಟ್, ಗರಿಷ್ಠ ಟರ್ಬೊ ಪವರ್ 253. ಬೋರ್ಡ್ ತಯಾರಕರು ಇದನ್ನು ಮೀರಿ ಬಿಡುತ್ತಾರೆ. ಎಂಎಸ್‌ಐ ಬೋರ್ಡಿನಲ್ಲಿ ಬಯಾಸ್ ರೀಸೆಟ್ ಆದಾಗ ಕೂಲರ್ ಯಾವುದು ಎಂದು ಕೇಳುತ್ತದೆ. ವಾಟರ್ ಕೂಲರ್ ಅಂತ ಒತ್ತಿದರೆ ಮಿತಿ 4096 ವ್ಯಾಟ್ ಆಗುತ್ತದೆ, ಅಂದರೆ ಮಿತಿಯೇ ಇಲ್ಲ. ಹೊಸ ಲಿಕ್ವಿಡ್ ಕೂಲರ್ ಹಾಕಿದವರು ಖುಷಿಯಿಂದ ಅದನ್ನೇ ಒತ್ತುತ್ತಾರೆ, ಆಮೇಲೆ ಕೂಲರ್ ಸರಿ ಇಲ್ಲ ಅನ್ನುತ್ತಾರೆ. ಅಸೂಸ್‌ನಲ್ಲಿ ಇದೇ ಕೆಲಸ ಮಾಡುವುದು ಮಲ್ಟಿಕೋರ್ ಎನ್‌ಹಾನ್ಸ್‌ಮೆಂಟ್. ಅದನ್ನು 'ಡಿಸೇಬಲ್ಡ್, ಎನ್‌ಫೋರ್ಸ್ ಆಲ್ ಲಿಮಿಟ್ಸ್' ಇಡಿ.

ಈಗ ನಿಮ್ಮ ಲೆಕ್ಕ. 92ರಲ್ಲಿ ರೂಮಿನ 34 ಕಳೆದರೆ 58. 235 ವ್ಯಾಟಿನಿಂದ ಭಾಗಿಸಿದರೆ ಒಟ್ಟು ವ್ಯಾಟಿಗೆ 0.247. ರೂಮು 40 ಆದರೆ ಎಲ್ಲವೂ 6 ಡಿಗ್ರಿ ಮೇಲಕ್ಕೆ ಹೋಗುತ್ತದೆ, ಕೋರ್ 98. ಎಐಒ ಎಷ್ಟೇ ದೊಡ್ಡದಿದ್ದರೂ ರೂಮಿಗಿಂತ ತಣ್ಣಗೆ ಮಾಡಲಾರದು. ಈಗ ಮಿತಿಯನ್ನು 200 ವ್ಯಾಟ್‌ಗೆ ಇಳಿಸಿ: 200 ಗುಣಿಸು 0.247 ಅಂದರೆ 49, ಅದಕ್ಕೆ 40 ಕೂಡಿಸಿದರೆ 89. ಬೇಸಿಗೆ ಕಳೆಯಿತು. ಸ್ಕೋರಿನಲ್ಲಿ ಹೋಗುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಆಟ ಆಡುವಾಗ ಪ್ರೊಸೆಸರ್ 200 ಮುಟ್ಟುವುದೇ ಅಪರೂಪ, ಅಲ್ಲಿ ವ್ಯತ್ಯಾಸ ಸಿಗುವುದಿಲ್ಲ.

ಬಯಾಸ್‌ನಲ್ಲಿ ಲಾಂಗ್ ಡ್ಯುರೇಶನ್, ಶಾರ್ಟ್ ಡ್ಯುರೇಶನ್ ಎಂಬ ಎರಡು ಪವರ್ ಲಿಮಿಟ್ ಇರುತ್ತವೆ, ಎರಡಕ್ಕೂ 200 ಬರೆಯಿರಿ. ಲಾಂಗ್ ಡ್ಯುರೇಶನ್‌ಗೆ ಮಾತ್ರ ಬರೆದರೆ ಶುರುವಿನ ಅರ್ಧ ನಿಮಿಷ, ಒಂದು ನಿಮಿಷ ಹಳೆಯ ಹಾಗೇ ಏರುತ್ತದೆ.

ಬಯಾಸ್‌ಗೆ ಹೋದಾಗ ಆವೃತ್ತಿಯನ್ನೂ ನೋಡಿ. 13 ಮತ್ತು 14ನೇ ಪೀಳಿಗೆಯ ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ವೋಲ್ಟೇಜ್ ಹೆಚ್ಚು ಹೋಗಿ ಕಾಲಕ್ರಮೇಣ ಅಸ್ಥಿರವಾಗುವ ತೊಂದರೆ ಇತ್ತು. ಅದಕ್ಕೆ ಇಂಟೆಲ್ 2024ರ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಮೈಕ್ರೊಕೋಡ್ (ಬಯಾಸ್ ಜೊತೆ ಬರುವ ಚಿಪ್ಪಿನ ತಿದ್ದುಪಡಿ) ಕೊಟ್ಟಿತು. ನಿಮ್ಮ ಚಿಪ್ ಆ ಪಟ್ಟಿಯಲ್ಲಿದೆ. ಅದಕ್ಕಿಂತ ಹಳೆಯ ಬಯಾಸ್ ಇದ್ದರೆ ಮೊದಲು ಅಪ್‌ಡೇಟ್ ಮಾಡಿ, ಆಮೇಲೆ ಮಿತಿ ಬರೆಯಿರಿ. ಅಪ್‌ಡೇಟ್ ಆದ ಮೇಲೆ ಎಲ್ಲ ಸೆಟ್ಟಿಂಗ್ ಅಳಿಸಿ ಹೋಗುತ್ತದೆ, ಪಂಪಿನ 100 ಪ್ರತಿಶತವೂ ಸೇರಿ. ತಾಪಮಾನ ಇಳಿಸುವ ಆಸೆಗಿಂತ ಇದು ಮುಖ್ಯ.

---

ಶರಾವತಿ_ತೀರ

ಫ್ಯಾನ್ ಕರ್ವ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೂಲರಿನ ಸಾಫ್ಟ್‌ವೇರ್ ದ್ರವದ ತಾಪಮಾನ ತೋರಿಸುತ್ತದೆ ಎಂದಮೇಲೆ ಫ್ಯಾನನ್ನು ಅದಕ್ಕೇ ಕಟ್ಟಿ, ಕೋರಿಗೆ ಬೇಡ. ಬ್ರೌಸರ್ ತೆರೆದಾಗಲೂ ಕೋರ್ ಒಂದು ಕ್ಷಣ 70ಕ್ಕೆ ಜಿಗಿದು ಇಳಿಯುತ್ತದೆ, ಫ್ಯಾನ್ ಅದರ ಹಿಂದೆ ಕೂಗುತ್ತ ಓಡುತ್ತದೆ, ಲಾಭ ಏನೂ ಇಲ್ಲ. ರೂಮು 34 ಇರುವಾಗ ದ್ರವ 38ರ ತನಕ 40 ಪ್ರತಿಶತ, 42ಕ್ಕೆ 60, 46ಕ್ಕೆ 85, 50ಕ್ಕೆ ಪೂರ್ತಿ. ಮೇ ತಿಂಗಳಲ್ಲಿ ಪ್ರತಿ ಅಂಕಿಗೂ 4 ಕೂಡಿಸಿ, ಆದರೆ ಪೂರ್ತಿ ವೇಗದ್ದು 52 ದಾಟಬಾರದು. 60ಕ್ಕೆ ಹೆಚ್ಚಿನ ಎಐಒಗಳು ಎಚ್ಚರಿಕೆ ಕೊಡುತ್ತವೆ, ಪೈಪ್ ಮತ್ತು ಪಂಪಿನ ಆಯಸ್ಸಿಗೂ ಅಷ್ಟು ಬಿಸಿ ಒಳ್ಳೆಯದಲ್ಲ.

ತೋರಣಗಲ್ಲಿನ ದೂಳಿಗೆ ರೇಡಿಯೇಟರ್ ಎರಡು ತಿಂಗಳಿಗೊಮ್ಮೆ ಬ್ಲೋವರ್ ಕೇಳುತ್ತದೆ. ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಈಗ ಬಂದ 235 ವ್ಯಾಟ್, ದ್ರವ 44, ರೂಮು 34 ಇವನ್ನು ಎಲ್ಲಾದರೂ ಬರೆದಿಡಿ. ಮುಂದೆ ಇದೇ ವ್ಯಾಟಿಗೆ ದ್ರವ ಮತ್ತು ರೂಮಿನ ನಡುವಿನ 10 ಡಿಗ್ರಿ 14–15 ಆಯಿತೆಂದರೆ ಮೊದಲು ಫಿನ್ ನೋಡಿ, ಕೂಲರ್ ಬಿಚ್ಚುವುದಕ್ಕೆ ಹೋಗಬೇಡಿ.